ಭೀಮೆಯ ಹರಿವಿಗೆ ಎದುರಾಗಿ

ಧೂಳಖೇಡದ ಸೇತುವೆಯ ಮೇಲೆ ಬಸ್ಸು ಬಂದಾಗ ಬಿಸಿಲು ಇನ್ನೂ ಏರಿರಲಿಲ್ಲ. ಕೆಳಗೆ ಭೀಮಾ ನದಿ ಮಾಘದ ತಿಳಿನೀರು ಹೊತ್ತು ನಿಧಾನವಾಗಿ ಹರಿಯುತ್ತಿತ್ತು. ಈಚೆ ದಂಡೆ ನಮ್ಮ ವಿಜಯಪುರ ಜಿಲ್ಲೆ, ಆಚೆ ದಂಡೆ ಸೊಲ್ಲಾಪುರ. ಈ ನೀರಿನ ಒಂದು ಪಾಲು ಪುಣೆಯಿಂದ ಬಂದದ್ದು. ಮುಳಾ, ಮುಠಾ ಎರಡೂ ಹೊಳೆಗಳು ಪುಣೆಯ ನಡುವೆ ಕೂಡಿಕೊಂಡು, ಊರು ದಾಟಿ ಭೀಮೆಗೆ ಸೇರುತ್ತವೆ. ಅಲ್ಲಿಂದ ಉಜನಿ ಆಣೆಕಟ್ಟೆಯಲ್ಲಿ ತಂಗಿ, ಪಂಢರಪುರದಲ್ಲಿ ಚಂದ್ರಭಾಗೆ ಅನಿಸಿಕೊಂಡು, ನಮ್ಮ ಸೀಮೆಗೆ ಇಳಿದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ಪಾಲಾಗುತ್ತವೆ. ಚಿಕ್ಕಂದಿನಿಂದ ಈ ಹೊಳೆ ನೋಡಿದವಳು ನಾನು. ಆದರೆ ಅದರ ತಲೆಯ ಕಡೆಗೆ, ಹರಿವಿಗೆ ಎದುರಾಗಿ ಪಯಣ ಹೊರಟಾಗಲೇ ಅದು ಎಷ್ಟು ಊರುಗಳನ್ನು ಒಂದು ದಾರದಲ್ಲಿ ಪೋಣಿಸಿದೆ ಎಂಬುದು ಕಣ್ಣಿಗೆ ಕಟ್ಟಿತು.

ನೀರು ಇಳಿದು ಬರುವ ದಾರಿಯಲ್ಲೇ ನಮ್ಮ ಜನ ಹತ್ತಿ ಹೋಗುತ್ತಾರೆ. ಇಂಡಿ, ಚಡಚಣ, ಸಿಂದಗಿ, ಅಫಜಲಪುರ, ಆಳಂದ: ಮಳೆ ಕೈಕೊಟ್ಟ ವರ್ಷ ಇನ್ನೂ ಹೆಚ್ಚು. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ, ಕಟ್ಟಡಗಳಲ್ಲಿ ಗೌಂಡಿ ಕೆಲಸ, ನಾಲ್ಕು ಮನೆಯ ಮುಸುರೆ. ದುಡಿಯುವ ಮಗ ಅಲ್ಲಿ ನೆಲೆ ನಿಂತ ಮೇಲೆ ಊರಲ್ಲಿದ್ದ ತಾಯಿಯೂ ಹಿಂದಿನಿಂದ ಹೋಗುತ್ತಾಳೆ. ಆಮೇಲೆ ಜಡ್ಡಾದರೆ ದವಾಖಾನೆಯೂ ಅಲ್ಲಿಯದೇ. ನಮ್ಮ ಅಜ್ಜನ ಕಾಲದಲ್ಲಿ ದೊಡ್ಡ ರೋಗ ಅಂದರೆ ಮಿರಜ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ತೆರೆದ ಮಿಶನ್ ದವಾಖಾನೆಗೆ ಚಕ್ಕಡಿ ಕಟ್ಟಿಕೊಂಡು ಹೋದವರ ಕಥೆ ನಮ್ಮ ಕಡೆ ಮನೆಮನೆಗೂ ಇದೆ. ಈಗ ಆ ಜಾಗವನ್ನು ಪುಣೆ ತುಂಬಿದೆ.

ನಾನು ಹೊರಟದ್ದು ಚಿಗವ್ವನ ಸಲುವಾಗಿ. ಮಗನ ಖೋಲಿಯ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದಳು. ಹೆಣ್ಣುಮಕ್ಕಳ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲ, ಹಾಗಾಗಿ ಮಗ ಹೊರಗೆ. ಸೊಸೆಗೆ ಮೊಲೆಹಾಲು ಕುಡಿಯುವ ಕೂಸು, ಸಣ್ಣ ಮಕ್ಕಳಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ, ಹಾಗಾಗಿ ಅವಳೂ ಹೊರಗೆ. ಎರಡು ನಿಯಮ, ಎರಡಕ್ಕೂ ತಕ್ಕ ಕಾರಣವಿದೆ. ಆದರೆ ಅವೆರಡೂ ಸೇರಿದಾಗ, ಎದ್ದು ಕೂಡಲಾರದ ಮುದುಕಿಯ ಹತ್ತಿರ ರಾತ್ರಿ ಯಾರೂ ಇಲ್ಲದಂತಾಯಿತು. ಮೂರೂವರೆ ನೂರು ಕಿಲೋಮೀಟರ್ ಆಚೆಯಿಂದ ಒಬ್ಬ ಹೆಣ್ಣುಮಗಳು ಬರಬೇಕಾಯಿತು.

ಬಸ್ಸಿನ ತುಂಬ ಗಂಟುಗಳು. ಕಂಡಕ್ಟರನ ಸೀಟಿನ ಹಿಂದೆ ಬಿಳಿ ಅರಿವೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಪ್ರತಿಯೊಂದರ ಮೇಲೂ ಹೆಸರು, ಫೋನ್ ನಂಬರು. ಧಾರವಾಡದಲ್ಲಿ ಓದುವ ಹುಡುಗರಿಗೆ ಹಳ್ಳಿಯಿಂದ ಬಸ್ಸಿನ ಮೇಲೆ ಬುತ್ತಿ ಬರುತ್ತಿದ್ದುದನ್ನು ನಾನು ಕಂಡಿದ್ದೆ. ಆ ಪದ್ಧತಿ ರಾಜ್ಯ ದಾಟಿ ಪುಣೆಯವರೆಗೆ ಬೆಳೆದಿದೆ ಎಂದು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಣ್ಣುಮಗಳು ತನ್ನ ಗಂಟು ತೋರಿಸಿ, "ನಮ್ಮ ಅಣ್ಣ ಅಲ್ಲೇ ದವಾಖಾನ್ಯಾಗ ಅದಾನ್ರಿ. ಅಲ್ಲಿ ಚಪಾತಿ ಕೊಡ್ತಾರಂತ, ಅವ್ನಿಗಿ ರೊಟ್ಟಿ ಇಲ್ದ ಊಟ ಇಳೂದಿಲ್ಲ" ಎಂದಳು. ಅವಳ ಹಿಂದಿನ ಸೀಟಿನವರೂ ದವಾಖಾನೆಗೇ. ಮುಂದಿನವರು ಡಿಸ್ಚಾರ್ಜ್ ಮಾಡಿಸಿಕೊಂಡು ಬರಲು ಹೊರಟವರು.

ಟೆಂಭುರ್ಣಿ ದಾಟಿದ ಮೇಲೆ ಬಲಗಡೆ ಕಿಟಕಿಯಲ್ಲಿ ಉಜನಿಯ ಹಿನ್ನೀರು ಆಗಾಗ ಮಿಂಚತೊಡಗಿತು. ಭಿಗವಣದ ಹತ್ತಿರ ದೂರದ ನೀರಿನ ಅಂಚಿಗೆ ತೆಳು ಗುಲಾಬಿ ಬಣ್ಣದ ಒಂದು ಗೆರೆ. ರಾಜಹಂಸಗಳು! ಚಳಿಗಾಲಕ್ಕೆ ಅವು ಇಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ ಎಂದು ಓದಿದ್ದೆ. ಓದುವುದು ಬೇರೆ, ಓಡುವ ಬಸ್ಸಿನ ಗಾಜಿನಲ್ಲಿ ಆ ಗೆರೆ ಎದ್ದು, ಬಾಗಿ, ಮತ್ತೆ ನೀರಿಗೆ ಕೂತದ್ದನ್ನು ಕಾಣುವುದೇ ಬೇರೆ. ಚಿಂತೆಯ ಗಂಟು ಹೊತ್ತ ಬಸ್ಸಿಗೆ ಬಸ್ಸೇ ಆ ಕಡೆ ಹೊರಳಿತು. ರೊಟ್ಟಿ ಗಂಟಿನ ಹೆಣ್ಣುಮಗಳು ಎದ್ದು ನಿಂತು ನೋಡಿದಳು.

ಪುಣೆಯ ಅಂಚಿನಲ್ಲಿ ಹಡಪಸರ ಬರುತ್ತದೆ. 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಇಲ್ಲೇ ಹತ್ತಿರ, ವೈದ್ಯನಾಗಿದ್ದ ಮಗ ಯಶವಂತನ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಸೇರಿಸುತ್ತಿದ್ದರು. ಮುಂಢವೆಯಿಂದ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅದೇ ವರ್ಷ ಅದೇ ಊರಿನಲ್ಲಿ ಸರಕಾರದ ಪ್ಲೇಗ್ ಸಮಿತಿ ಸಿಪಾಯಿಗಳನ್ನು ಮನೆಗಳಿಗೆ ನುಗ್ಗಿಸಿ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ, ಮನೆಯವರನ್ನು ಶಿಬಿರಕ್ಕೆ ಸಾಗಿಸುತ್ತಿತ್ತು. ಜನ ಎಷ್ಟು ಕೆರಳಿದರೆಂದರೆ ಆ ಸಮಿತಿಯ ಮುಖ್ಯಸ್ಥ ರ್‍ಯಾಂಡ್‌ನನ್ನು ಚಾಪೇಕರ ಸಹೋದರರು ಜೂನ್ 22ರ ರಾತ್ರಿ ಗುಂಡಿಕ್ಕಿ ಗಾಯಗೊಳಿಸಿದರು, ಅದರಿಂದಲೇ ಅವನು ಮುಂದೆ ಸತ್ತ. ರೋಗಿಯನ್ನು ಬೆನ್ನ ಮೇಲೆ ಹೊರುವ ಕೈ ಒಂದು, ಮನೆಯವರಿಂದ ಕೀಳುವ ಕೈ ಒಂದು. ಎರಡೂ ರೋಗ ತಡೆಯುವ ಹೆಸರಿನಲ್ಲೇ ಬಂದವು. ಬಸ್ಸು ಹಡಪಸರದ ಟ್ರಾಫಿಕ್ಕಿನಲ್ಲಿ ನಿಂತಷ್ಟು ಹೊತ್ತೂ ನನ್ನ ಮನಸ್ಸು ಆ ಬೆನ್ನಿನ ಮೇಲೇ ಇತ್ತು.

ಸ್ವಾರಗೇಟದಲ್ಲಿ ಇಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಎಂಥ ಜಾಗ ಅದು! ಒಂದು ಕಡೆ ಎಸ್.ಟಿ. ನಿಲ್ದಾಣ, ಅದರ ಮಗ್ಗುಲಿಗೇ ನಗರ ಸಾರಿಗೆಯ ಬಸ್ಸುಗಳು, ತಲೆಯ ಮೇಲೆ ಜೇಧೆ ಚೌಕದ ಮೇಲ್ಸೇತುವೆ, ಕಾಲ ಕೆಳಗೆ 2024ರ ಸೆಪ್ಟೆಂಬರಿನಲ್ಲಿ ತೆರೆದ ಮೆಟ್ರೋ ನಿಲ್ದಾಣ. ಮೂರು ಅಂತಸ್ತಿನಲ್ಲಿ ಜನ ಏಕಕಾಲಕ್ಕೆ ಹರಿಯುತ್ತಾರೆ. ದೂರದಲ್ಲಿ ಪರ್ವತಿ ಗುಡ್ಡದ ಮೇಲೆ ಪೇಶ್ವೆ ನಾನಾಸಾಹೇಬ ಕಟ್ಟಿಸಿದ ಗುಡಿಯ ಶಿಖರ. ಸಾತಾರಾ, ಕೊಲ್ಲಾಪುರ, ಸಾಂಗ್ಲಿ ಬೋರ್ಡುಗಳ ನಡುವೆ ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಎಂದು ಕನ್ನಡದಲ್ಲಿ ಬರೆದ ಬೋರ್ಡು ಕಂಡಾಗ, ಊರು ನನ್ನ ಬೆನ್ನಹಿಂದೆಯೇ ಬಂದಿದೆ ಅನಿಸಿತು. ಚಿಗವ್ವನ ಮಗ, ನನಗೆ ತಮ್ಮ, ಹಮಾಲರ ಪಟಗ ಕೈಯಲ್ಲಿ ಹಿಡಿದೇ ಓಡಿ ಬಂದ. "ಅಕ್ಕಾ, ಲಗೂನ ನಡಿ. ನಾಕರಿಂದ ಆರರ ತನಕ ಅಷ್ಟ ಬಿಡ್ತಾರ" ಎಂದ.

ಚಿಗವ್ವ ಮಲಗಿದ್ದ ದವಾಖಾನೆಯ ಹೆಸರು ಇಲ್ಲಿ ಬೇಡ. ಅದು ಸಾರ್ವಜನಿಕ ದವಾಖಾನೆ, ಪುಣೆಯ ಹೆಸರಾಂತ ಸಸೂನ್ ಅಲ್ಲ. ನಾನು ಕಂಡದ್ದು ಬೆಳಗಾವಿಯಲ್ಲೋ ಬಳ್ಳಾರಿಯಲ್ಲೋ ಯಾರಾದರೂ ಕಂಡಾರು.

ವಾರ್ಡಿನ ಬಾಗಿಲಿಗೆ ಜಾಳಿಗೆಯ ಗೇಟು. ಒಳಗಿನಿಂದ ಕೊಂಡಿ. ಹೊರಗೆ ಡಬ್ಬಿ ಹಿಡಿದು ನಿಂತ ಐವತ್ತು ಅರವತ್ತು ಜನ. ಕಾವಲಿನ ಹುಡುಗ ಒಬ್ಬನೇ. "ಏಕ ಪೇಶಂಟ, ಏಕ ಪಾಸ" ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹನ್ನೆರಡು ತಾಸಿನ ಪಾಳಿಯಲ್ಲಿ ನಿಂತೇ ಇರುವ ಕೂಲಿಯ ಹುಡುಗ. ಗೇಟಿನ ಈಚೆಗಿದ್ದ ಒಬ್ಬ ಮುದುಕ ಲಾತೂರಿನಿಂದ ರಾತ್ರಿಯಿಡೀ ಕೂತು ಬಂದಿದ್ದ. ಪಾಸು ಸೊಸೆಯ ಹತ್ತಿರ ಒಳಗಿತ್ತು, ಸೊಸೆಯ ಫೋನು ಬಂದ್ ಆಗಿತ್ತು. ಗೇಟಿಗೂ ಅವನ ಹೆಂಡತಿಯ ಮಂಚಕ್ಕೂ ನಡುವೆ ಮೂವತ್ತು ಹೆಜ್ಜೆ ಇದ್ದೀತು. ಆ ಮೂವತ್ತು ಹೆಜ್ಜೆ ದಾಟಲಾಗದೆ ಆರು ಗಂಟೆ ಬಡಿಯಿತು. ತಮ್ಮ ತನ್ನ ಪಾಸು ನನ್ನ ಕೈಗಿತ್ತು ಹೊರಗುಳಿದ, ನಾನು ಒಳಗೆ ಹೋದೆ.

"ಬಂದ್ಯಾ ಮಗಳ" ಎಂದಳು ಚಿಗವ್ವ. ಕಾಲಿಗೆ ಪಟ್ಟಿ ಸುತ್ತಿ, ಹಗ್ಗಕ್ಕೆ ತೂಕ ಕಟ್ಟಿ ಮಂಚದ ತುದಿಯಿಂದ ಇಳಿಬಿಟ್ಟಿದ್ದರು. ತುಟಿ ಒಣಗಿ ಬಿರಿದಿತ್ತು. ನೀರು ಕುಡಿದರೆ ಬೆಡ್‌ಪ್ಯಾನ್ ಬೇಕಾಗುತ್ತದೆ, ಯಾರನ್ನು ಕೇಳಲಿ ಎಂದು ಮುಂಜಾನೆಯಿಂದ ನೀರೇ ಕುಡಿದಿರಲಿಲ್ಲ.

ಆ ವಾರ್ಡಿನ ಕುಂದುಗಳನ್ನು ಮುಚ್ಚಿಡುವುದಿಲ್ಲ. ಮಂಚಗಳ ನಡುವೆ ನೆಲದ ಮೇಲೂ ಗಾದಿ ಹಾಕಿ ರೋಗಿಗಳನ್ನು ಮಲಗಿಸಿದ್ದರು. ಎರಡು ಪಾಯಖಾನೆಗಳಲ್ಲಿ ಒಂದಕ್ಕೆ ಚಿಲಕವಿಲ್ಲ, ಇನ್ನೊಂದರಲ್ಲಿ ನೀರಿಲ್ಲ. ಎಲುಬು ಮುರಿದವರ ವಾರ್ಡಿನಲ್ಲಿ ಹಿಡಿದು ಏಳಲು ಗೋಡೆಗೆ ಒಂದು ಸರಳೂ ಇಲ್ಲ. ಚಾದರು ಬೇಕೆಂದರೆ ಮನೆಯದು. ರಾತ್ರಿ ಆ ಉದ್ದನೆಯ ವಾರ್ಡಿಗೆ ಇಬ್ಬರು ಸಿಸ್ಟರು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಹೇಳುವುದು ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬರು ನರ್ಸ್. ಇಲ್ಲಿ ಇಬ್ಬರ ಪಾಲಿಗೆ ಅರವತ್ತರ ಹತ್ತಿರ. ಅವರು ಓಡುತ್ತಲೇ ಇದ್ದರು. ಬಾಟಲಿ ಬದಲಿಸುವುದು, ಇಂಜೆಕ್ಷನ್ನು, ಬರೆಯುವುದು. ಮಿಕ್ಕ ಎಲ್ಲ ಕೆಲಸವನ್ನೂ ಯಾರು ಮಾಡುತ್ತಿದ್ದರು?

ಅದನ್ನು ಕಂಡೇ ನಾನು ಬೆರಗಾದದ್ದು. ರಾತ್ರಿ ಹತ್ತರ ಹೊತ್ತಿಗೆ ಮಂಚಗಳ ಕೆಳಗಿನಿಂದ ಚಾಪೆಗಳು ಹೊರಬಂದವು. ಬೀಡ, ಧಾರಾಶಿವ, ಅಕ್ಕಲಕೋಟೆ, ಯಾದಗಿರಿ: ಎಲ್ಲೆಲ್ಲಿಂದಲೋ ಬಂದ ಹೆಣ್ಣುಮಕ್ಕಳು. ಯಾರೂ ಹೇಳಿಕೊಡದೆ ಅವರ ನಡುವೆ ಒಂದು ಪಾಳಿ ಏರ್ಪಟ್ಟಿತ್ತು. ಬೀಡದ ಹೆಣ್ಣುಮಗಳಿಗೆ ಬಾಟಲಿಯ ಹನಿ ನೋಡುವುದು ಗೊತ್ತು, ಅವಳು ನಾಲ್ಕು ಮಂಚದ ಬಾಟಲಿಗಳ ಮೇಲೆ ಕಣ್ಣಿಟ್ಟಿದ್ದಳು. ಯಾದಗಿರಿಯ ಲಂಬಾಣಿ ಮುದುಕಿ ಯಾರ ಸಂಬಂಧಿ ಎಂದು ಕೇಳಿದರೆ ಎಲ್ಲರೂ ನಗುತ್ತಿದ್ದರು. ಅವಳ ಮೊಮ್ಮಗಳಿಗೆ ಡಿಸ್ಚಾರ್ಜ್ ಚೀಟಿ ಕೊಡುವುದು ತಡವಾಗಿತ್ತು, ಅಷ್ಟರಲ್ಲಿ ಅವಳು ಯಾರೂ ಇಲ್ಲದ ಒಬ್ಬ ರೋಗಿಗೆ ತುತ್ತು ಮಾಡಿ ಉಣ್ಣಿಸುತ್ತ ಅವರ ಕಡೆಯವಳೇ ಆಗಿಬಿಟ್ಟಿದ್ದಳು. ಚಿಗವ್ವನ ಸೊಂಟದ ಕೆಳಗೆ ಕೈ ಹೇಗೆ ತೂರಿಸಬೇಕು, ಮುರಿದ ಕಾಲು ಅಲುಗದಂತೆ ಬೆಡ್‌ಪ್ಯಾನ್ ಹೇಗೆ ಇಡಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ಒರೆಸಿ ಪೌಡರ್ ಹಾಕಬೇಕು: ನನಗೆ ಕಲಿಸಿದವಳು ಅವಳು. ಕಲಿಸಿದ್ದು ಲಂಬಾಣಿ, ಮರಾಠಿ, ಕನ್ನಡ ಮೂರೂ ಕಲಸಿದ ಮಾತಿನಲ್ಲಿ. ಪುಸ್ತಕ ಓದಿ ಬಂದವಳು ನಾನು, ಅಕ್ಷರ ಬಾರದ ಆ ಮುದುಕಿಯ ಕೈಗಳ ಮುಂದೆ ಕೂತು ಶಾಲೆಯ ಹುಡುಗಿಯಂತೆ ಕಲಿತೆ.

ಆ ಜನರಿಗೆ ದವಾಖಾನೆಯ ಲೆಕ್ಕದಲ್ಲಿ ಜಾಗವಿಲ್ಲ. ಅವರು ಭೇಟಿಗೆ ಬಂದವರು ಎಂದೇ ಗಣನೆ. ಅವರಿಗೆ ಮಂಚವಿಲ್ಲ, ಸ್ನಾನಕ್ಕೆ ಎಡೆಯಿಲ್ಲ, ಊಟದ ಗಾಡಿ ಬಂದಾಗ ತಟ್ಟೆಯಿಲ್ಲ. ಆದರೆ ಒಂದು ರಾತ್ರಿ ಅವರೆಲ್ಲ ಎದ್ದು ಹೋದರೆ ಆ ವಾರ್ಡು ಮುಂಜಾನೆಯವರೆಗೆ ನಡೆಯಲಾರದು.

ಮುಂಜಾನೆ ಒಂಬತ್ತಕ್ಕೆ ದೊಡ್ಡ ಡಾಕ್ಟರರ ರೌಂಡು. ಅದಕ್ಕೂ ಮೊದಲು ಸಂಬಂಧಿಕರೆಲ್ಲ ಹೊರಗೆ. ನನ್ನನ್ನು ಬಹಳ ನೋಯಿಸಿದ ನಿಯಮ ಇದು. ರೋಗಿಯ ಬಗ್ಗೆ ನಿರ್ಧಾರವಾಗುವ ಹೊತ್ತಿಗೆ ರೋಗಿಯನ್ನು ಬಲ್ಲವರು ಗೇಟಿನ ಆಚೆ. ಸಂಜೆ ನಾಲ್ಕಕ್ಕೆ ಗೇಟು ತೆಗೆದಾಗ ಡಾಕ್ಟರರು ಆಪರೇಷನ್ನಿನಲ್ಲೋ ಮನೆಯಲ್ಲೋ. ಇಡೀ ದಿನದಲ್ಲಿ ಈ ಇಬ್ಬರು ಎದುರಾಬದುರಾಗುವ ಗಳಿಗೆಯೇ ಇಲ್ಲ. ಚಿಗವ್ವನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಅವರು ಮರಾಠಿಯಲ್ಲಿ ಕೇಳುತ್ತಾರೆ, ಇವಳು ಎಲ್ಲದಕ್ಕೂ "ಹೂಂ" ಅನ್ನುತ್ತಾಳೆ. ಜಾಳಿಗೆಯ ತೂತಿನಿಂದ ನಾನು ಅದನ್ನು ನೋಡುತ್ತಿದ್ದೆ.

ಒಂದು ಮುಂಜಾನೆ, ಇನ್ನೂ ಕಲಿಯುತ್ತಿದ್ದ ಒಬ್ಬ ಡಾಕ್ಟರ್ ಹುಡುಗಿ ಗೇಟಿನ ತನಕ ಬಂದು, "ಆ ಆಜಿಯ ಮಾತು ತಿಳಿಯುವವರು ಯಾರು?" ಎಂದು ಕೇಳಿದಳು. ಒಳಗೆ ಕರೆದೊಯ್ದಳು. ಚಿಗವ್ವ ನನ್ನನ್ನು ಕಂಡದ್ದೇ ತಡ, ಗಡಗಡ ಹೇಳತೊಡಗಿದಳು. ಹಿಂದೊಮ್ಮೆ ಜ್ವರಕ್ಕೆ ಸೂಜಿ ಚುಚ್ಚಿದಾಗ ಮೈತುಂಬ ದದ್ದು ಎದ್ದು ಉಸಿರು ಕಟ್ಟಿತ್ತು, ಆ ಔಷಧಿ ಮತ್ತೆ ಕೊಡಬಾರದು ಅಂದಿದ್ದರು, ಚೀಟಿ ಊರ ಮನೆಯ ಗಂಟಿನಲ್ಲಿದೆ. ಬಂದ ದಿನದಿಂದ ಅದನ್ನೇ ಹೇಳುತ್ತಿದ್ದಳಂತೆ. ಅದು ಯಾರ ಕಿವಿಗೂ ಮಾತಾಗಿ ಬಿದ್ದಿರಲಿಲ್ಲ. ಊರಿಗೆ ಫೋನು ಮಾಡಿ ಚೀಟಿಯ ಫೋಟೋ ತರಿಸಿದೆವು. ಹುಡುಗಿ ಕೇಸ್ ಪೇಪರಿನ ತಲೆಗೆ ಕೆಂಪು ಶಾಯಿಯಲ್ಲಿ ಔಷಧಿಯ ಹೆಸರು ಬರೆದಳು, ಕೆಳಗೆ ಎರಡು ಗೆರೆ ಎಳೆದಳು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ, ಕಾಯಿಲೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಅವರ ಗ್ರಹಿಕೆಗೆ ನಿಲುಕುವಂತೆ ಹೇಳಬೇಕು ಎಂದಿದೆ. ಹತ್ತು ಭಾಷೆಯ ಜನ ಬಂದು ಬೀಳುವ ಊರಿನಲ್ಲಿ ಆ ಭಾಷೆ ಗೇಟಿನ ಹೊರಗೆ ಡಬ್ಬಿ ಹಿಡಿದು ನಿಂತಿರುತ್ತದೆ.

ತಮ್ಮನ ಹೆಂಡತಿ ಕೂಸನ್ನು ನೆರೆಯವರಿಗೆ ಬಿಟ್ಟು ಒಂದು ಮಧ್ಯಾಹ್ನ ನನ್ನ ಬದಲಿಗೆ ಕೂತಾಗ, ನಾನು ಸಸೂನ್ ನೋಡಲು ಹೊರಟೆ. ಸ್ವಾರಗೇಟದಲ್ಲಿ ನೆಲದಡಿಗೆ ಇಳಿದು ರೈಲು ಹತ್ತಿದರೆ ಮಂಡಈ, ಕಸಬಾ ಪೇಠ. ಮೇಲೆ ಪೇಶ್ವೆಯರ ಕಾಲದ ವಾಡೆಗಳು, ಕೆಳಗೆ ನಾವು. ಮುಂದೆ ಮುಠಾ ನದಿಯ ತಳಕ್ಕಿಂತಲೂ ಕೆಳಗೆ ರೈಲು ಓಡುತ್ತದೆ! ನಮ್ಮ ಭೀಮೆಗೆ ಬರುವ ನೀರು ನೆತ್ತಿಯ ಮೇಲೆ ಹರಿಯುತ್ತಿದೆ ಎಂದು ನೆನೆದು ಮೈ ಜುಮ್ಮೆಂದಿತು. ಸಿವಿಲ್ ಕೋರ್ಟ್ ನಿಲ್ದಾಣ ಸುಮಾರು 33 ಮೀಟರ್ ಆಳದಲ್ಲಿದೆ. ಅಲ್ಲಿ ಗಾಡಿ ಬದಲಿಸಿ ಪುಣೆ ಸ್ಟೇಶನ್ನಿಗೆ ಬಂದರೆ ಸಸೂನ್ ನಡೆದು ಹೋಗುವಷ್ಟು ದೂರ.

ಕಪ್ಪುಗಲ್ಲಿನ ಆ ಹಳೆಯ ಕಟ್ಟಡದ ಮುಂದೆ ಬಹಳ ಹೊತ್ತು ನಿಂತೆ. ಬಗದಾದಿನಲ್ಲಿ ಹುಟ್ಟಿ, ಮುಂಬಯಿಗೆ ಬಂದು ವ್ಯಾಪಾರ ಕಟ್ಟಿದ ಯಹೂದಿ ಡೇವಿಡ್ ಸಸೂನ್ ಕೊಟ್ಟ ದಾನದಿಂದ ಎದ್ದದ್ದು. ಅವರು 1864ರಲ್ಲಿ ಪುಣೆಯಲ್ಲೇ ತೀರಿಕೊಂಡರು, ದವಾಖಾನೆ ಪೂರ್ಣವಾದದ್ದು 1867ರಲ್ಲಿ. ಆಗ 144 ರೋಗಿಗಳಿಗೆ ಜಾಗವಿತ್ತು, ಈಗ ಸಾವಿರಕ್ಕೂ ಮೇಲೆ. ಅವರ ಸಮಾಧಿ ಕ್ಯಾಂಪಿನ ಕೆಂಪು ಇಟ್ಟಿಗೆಯ ಯಹೂದಿ ಮಂದಿರದ ಅಂಗಳದಲ್ಲಿದೆ, ಅದನ್ನು ಪುಣೆಯವರು ಲಾಲ್ ದೇವಳ ಎನ್ನುತ್ತಾರೆ. ಬಗದಾದಿನ ಕೈ, ಪುಣೆಯ ಕಲ್ಲು, ನಮ್ಮ ಸೀಮೆಯ ರೋಗಿ: ದವಾಖಾನೆಯೊಂದೇ ಇವರನ್ನು ಕೂಡಿಸಬಲ್ಲದು.

ಇದೇ ಸಸೂನಿಗೆ 1924ರ ಜನವರಿ 12ರಂದು ಯರವಡಾ ಜೈಲಿನಿಂದ ಒಬ್ಬ ಕೈದಿಯನ್ನು ತಂದರು. ಕರುಳುಬಾಲದ ಉರಿಯೂತ, ಅಂದೇ ಆಪರೇಷನ್ ಆಗಬೇಕು. ಕೈದಿ ಮೋಹನದಾಸ ಗಾಂಧಿ. ಮುಂಬಯಿಯ ಡಾ. ದಲಾಲ್, ಬರೋಡಾದ ಡಾ. ಜೀವರಾಜ ಮೆಹತಾ ಬರಲೆಂದು ಕೇಳಿದ್ದರು, ಹೊತ್ತಿಗೆ ಸಿಗಲಿಲ್ಲ. ಆಗ ಭಾರತ ಸೇವಕ ಸಮಾಜದ ಶ್ರೀನಿವಾಸ ಶಾಸ್ತ್ರಿಗಳನ್ನು ಕರೆಸಿದರು. ರಾಜಕೀಯದಲ್ಲಿ ಗಾಂಧಿಯವರಿಗೆ ಎದುರು ನಿಂತವರು, ಆದರೆ ಸ್ನೇಹಿತರು. ಹಾಸಿಗೆಯ ಪಕ್ಕ ನಿಂತು ಒಪ್ಪಿಗೆಯ ಮಾತು ಬರೆದುಕೊಂಡರು. ನಡುಗುವ ಕೈಯಿಂದ ಗಾಂಧೀಜಿ ಸಹಿ ಹಾಕಿದರು. ಕರ್ನಲ್ ಮ್ಯಾಡಕ್ ಶಸ್ತ್ರ ಹಿಡಿದಿದ್ದಾಗ ವಿದ್ಯುತ್ ಹೋಯಿತು. ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಿದರು. ಮುಂದೆ ಸಿ.ಎಫ್. ಆ್ಯಂಡ್ರೂಸ್ ಬಂದು ಆರೈಕೆಗೆ ಕೂತರು. ಫೆಬ್ರುವರಿ 5ರಂದು ಸರಕಾರ ಬಿಡುಗಡೆ ಮಾಡಿತು.

ಸಾಮ್ರಾಜ್ಯವೇ ಬಂಧಿಸಿಟ್ಟ ಕೈದಿ ಅವರು. ಆದರೂ ಆ ರಾತ್ರಿ ಅವರ ಮಾತು ಬಲ್ಲ ಒಬ್ಬ ಸ್ನೇಹಿತನನ್ನು ಮಂಚದ ಹತ್ತಿರ ಬಿಟ್ಟರು. ಏನಾದರೂ ಹೆಚ್ಚುಕಡಿಮೆಯಾದರೆ ದೇಶ ಸರಕಾರವನ್ನೇ ದೂರೀತು ಎಂಬ ಅಳುಕೂ ಇತ್ತು, ನಿಜ. ಹೇಗಾದರೂ ಆಗಲಿ, ಅಗತ್ಯ ಏನೆಂದು ಅಂದೇ ಗೊತ್ತಿತ್ತು. ಕತ್ತಿಗೆ ಮೈ ಒಡ್ಡುವ ಮುಂಚೆ ಮನುಷ್ಯನಿಗೆ ತನ್ನವರೊಬ್ಬರು ಬೇಕು. ಲಾತೂರಿನ ಮುದುಕನ ಹೆಂಡತಿಗೂ ಅದೇ ಬೇಕು.

ಗೇಟು ಏಕೆ ಬಂತು ಎಂಬುದು ನನಗೆ ಗೊತ್ತು. 2017ರ ಮಾರ್ಚಿನಲ್ಲಿ ಧುಳೆಯ ಸರಕಾರಿ ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ಒಬ್ಬ ಎಲುಬು ತಜ್ಞನನ್ನು ಕಣ್ಣಿಗೆ ಪೆಟ್ಟಾಗುವಂತೆ ಹೊಡೆದರು. ಮಹಾರಾಷ್ಟ್ರದುದ್ದಕ್ಕೂ ಕಿರಿಯ ಡಾಕ್ಟರರು ಕೆಲಸ ಬಿಟ್ಟು ಕೂತರು. ಬಾಗಿಲುಗಳಿಗೆ ಕಾವಲು ಬಂತು, ಪಾಸು ಬಿಗಿಯಾಯಿತು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಡಾಕ್ಟರ್ ಹೆಣ್ಣುಮಗಳ ಅತ್ಯಾಚಾರ, ಕೊಲೆಯಾದ ಮೇಲೆ ದೇಶದ ಎಲ್ಲೆಡೆ ಇನ್ನಷ್ಟು ಬಿಗಿ. ಆ ಕೆಂಪು ಶಾಯಿಯ ಹುಡುಗಿ ರಾತ್ರಿ ಒಬ್ಬಳೇ ವಾರ್ಡಿನಿಂದ ವಾರ್ಡಿಗೆ ನಡೆಯುವುದನ್ನು ಕಂಡವಳು ನಾನು. ಅವಳಿಗೆ ಕಾವಲು ಬೇಕೇ ಬೇಕು. ನಂಜು ಹರಡದಿರಲು ಗುಂಪು ಕಡಿಮೆ ಇರಬೇಕು ಎಂಬುದೂ ಸರಿ. ಆದರೆ ಜಾಳಿಗೆಯ ಹೊರಗೆ ಸುದ್ದಿಯಿಲ್ಲದೆ ತಾಸುಗಟ್ಟಲೆ ನಿಂತವರ ಎದೆಯಲ್ಲಿ ಏನು ಕುದಿಯುತ್ತದೆ ಎಂಬುದನ್ನೂ ನಾನು ಅಲ್ಲಿ ಕಂಡೆ. ಆ ಕುದಿ ಡಾಕ್ಟರರ ಮೇಲೆ ತಿರುಗಲು ಹೆಚ್ಚು ಹೊತ್ತು ಬೇಡ. ದಿನಕ್ಕೆ ಒಂದು ಗೊತ್ತಾದ ಹೊತ್ತಿನಲ್ಲಿ ಡಾಕ್ಟರರೊಬ್ಬರು ಕೂತು ಪ್ರತಿ ಮನೆಯವರಿಗೂ ಐದು ನಿಮಿಷ ಮಾತಾಡಿದರೆ, ಕಾವಲಿನ ಹುಡುಗನ ಅರ್ಧ ಕೆಲಸ ಮುಗಿದೀತು.

ಇದು ಆಗದ ಮಾತಲ್ಲ, ಆಗಿದೆ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಆಸ್ಪತ್ರೆಯಲ್ಲಿದ್ದ ಮಕ್ಕಳನ್ನು ತಾಯಂದಿರು ವಾರದ ಗೊತ್ತಾದ ತಾಸುಗಳಲ್ಲಿ ಮಾತ್ರ ಕಾಣಬಹುದಿತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬಾತ 1952ರಲ್ಲಿ ಎರಡು ವರ್ಷದ ಒಂದು ಹುಡುಗಿಯ ಆಸ್ಪತ್ರೆವಾಸವನ್ನು ಚಿತ್ರೀಕರಿಸಿ ತೋರಿಸಿದ. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಸಮಿತಿ, ತಂದೆತಾಯಿಗೆ ತಡೆಯಿಲ್ಲದ ಪ್ರವೇಶ ಕೊಡಿ ಎಂದು ವರದಿ ಬರೆಯಿತು. ಪ್ಲಾಟ್ ಸ್ವತಃ ಎಲುಬಿನ ಡಾಕ್ಟರರು. ನಮ್ಮಲ್ಲಿ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆಗೇ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂದಿಗೂ ಕುಟುಂಬದವರು ಜೊತೆಗಿರುವ ವಾರ್ಡುಗಳಿವೆ. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಅಧ್ಯಯನದಲ್ಲಿ, ತೂಕ ಕಡಿಮೆಯ ಹಸುಗೂಸುಗಳ ಜೊತೆ ತಾಯಂದಿರನ್ನು ತೀವ್ರ ನಿಗಾ ಘಟಕದಲ್ಲೇ ಇರಿಸಿ, ಹುಟ್ಟಿದ ಕೂಡಲೇ ಎದೆಗಪ್ಪಿಸಿದಾಗ ಸಾವು ಶೇ. 25ರಷ್ಟು ಇಳಿಯಿತು. ನಮ್ಮ ಕರ್ನಾಟಕದಲ್ಲೇ ನೂರಾ ಹೆಲ್ತ್ ಎಂಬ ಸಂಸ್ಥೆ ಆಸ್ಪತ್ರೆಯ ಪಡಸಾಲೆಯಲ್ಲಿ ಮನೆಯವರನ್ನು ಕೂಡಿಸಿ, ಗಾಯ ನೋಡಿಕೊಳ್ಳುವುದು, ಕೈ ತೊಳೆಯುವುದು, ಅಪಾಯದ ಲಕ್ಷಣ ಗುರುತಿಸುವುದನ್ನು ಕಲಿಸುತ್ತದೆ. ಲಂಬಾಣಿ ಮುದುಕಿ ನನಗೆ ಕಲಿಸಿದ್ದನ್ನೇ.

ಆಪರೇಷನ್ ಆಯಿತು. ಚಿಗವ್ವ ಮೂರನೆಯ ದಿನ ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟಾಗ ಸುತ್ತಲಿನ ಮಂಚದವರೆಲ್ಲ ಚಪ್ಪಾಳೆ ತಟ್ಟಿದರು. ಲಾತೂರಿನ ಮುದುಕನ ಹೆಂಡತಿಯೂ ತಟ್ಟಿದಳು. ನಾನು ಊರಿಗೆ ಹೊರಡುವ ಹೊತ್ತು ಬಂತು, ಚಿಗವ್ವನ ಮಗಳು ಇಂಡಿಯಿಂದ ರಾತ್ರಿ ಬಸ್ಸಿಗೆ ಬರುವವಳಿದ್ದಳು.

ಹೀಗಾಗಿ ಮುಂಜಾನೆ ಐದಕ್ಕೇ ಸ್ವಾರಗೇಟದಲ್ಲಿದ್ದೆ. ರಾತ್ರಿ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದವು. ಇಳಿದವರಲ್ಲಿ ದವಾಖಾನೆಗೆ ಹೋಗುವವರನ್ನು ನಾನೀಗ ನೋಡಿದೊಡನೆ ಗುರುತಿಸಬಲ್ಲೆ: ಕೈಯಲ್ಲಿ ಸ್ಟೀಲಿನ ಡಬ್ಬಿ, ಬಗಲಲ್ಲಿ ಚಾಪೆ, ಎದೆಗವಚಿದ ಕಾಗದದ ಚೀಲ. ಬಸ್ಸು ಬರುವುದು ನಸುಕಿನಲ್ಲಿ, ಗೇಟು ತೆಗೆಯುವುದು ಸಂಜೆ ನಾಲ್ಕಕ್ಕೆ. ಆ ನಡುವಿನ ಹೊತ್ತನ್ನು ಇವರು ಈ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಆಚೆ ಸಾರಸಬಾಗಿನ ಹುಲ್ಲಿನ ಮೇಲೆ ಕಳೆಯುತ್ತಾರೆ. 2025ರ ಫೆಬ್ರುವರಿಯಲ್ಲಿ ಇದೇ ನಿಲ್ದಾಣದಲ್ಲಿ, ಇಂಥದೇ ನಸುಕಿನಲ್ಲಿ, ಊರಿಗೆ ಬಸ್ಸು ಕಾಯುತ್ತಿದ್ದ ಒಬ್ಬ ಯುವತಿಯ ಮೇಲೆ ನಿಂತ ಬಸ್ಸಿನೊಳಗೆ ಅತ್ಯಾಚಾರ ನಡೆಯಿತು. ಹೆಣ್ಣುಮಕ್ಕಳು ಇಲ್ಲಿ ತಾಸುಗಟ್ಟಲೆ ಕಾಯಬೇಕಾದ ಪ್ರಮೇಯವನ್ನೇ ಕಡಿಮೆ ಮಾಡಬಹುದಲ್ಲ! ದೂರದ ಊರಿನಿಂದ ಬಂದವರಿಗೆ ಮುಂಜಾನೆ ಏಳಕ್ಕೆ ಹದಿನೈದು ನಿಮಿಷ ಬಾಗಿಲು ತೆಗೆದರೆ ಯಾವ ಶಿಸ್ತೂ ಕೆಡದು.

ಬೆರಗೊಂದು ಇನ್ನೂ ಉಳಿದಿತ್ತು. ಕಲಬುರಗಿಯ ಬಸ್ಸಿನ ಬಾಗಿಲಲ್ಲಿ ಇಬ್ಬರು ಅಕ್ಕತಂಗಿಯರು, ಅಲ್ಲಿ ಕಂಬದ ಹತ್ತಿರ ಅತ್ತೆ ಸೊಸೆ, ಕ್ಯಾಂಟೀನಿನ ಮುಂದೆ ಇಬ್ಬರು ಗಂಡಸರು. ಎಲ್ಲರ ಕೈಯಿಂದ ಕೈಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚೌಕ ಕಾಗದ ದಾಟುತ್ತಿತ್ತು. ಪಾಸು! ಪುಣೆಯ ವಾರ್ಡುಗಳ ಆರೈಕೆಯ ಪಾಳಿ ಬದಲಾಗುವುದು ಇಲ್ಲಿ, ಸ್ವಾರಗೇಟದ ಫಲಾಟಿನಲ್ಲಿ. ಒಬ್ಬರು ಇಳಿಯುತ್ತಾರೆ, ಒಬ್ಬರು ಅದೇ ಬಸ್ಸಿಗೆ ಹತ್ತುತ್ತಾರೆ, ನಡುವೆ ಸಿಗುವ ಐದು ನಿಮಿಷದಲ್ಲಿ ಒಂದು ಜೀವದ ಪೂರ್ತಿ ವರದಿ ಒಪ್ಪಿಸುತ್ತಾರೆ.

ತಂಗಿ ಇಳಿದಳು. ನಾನೂ ಪಾಸು ತೆಗೆದು ಅವಳ ಕೈಗಿಟ್ಟೆ.

"ಎಂಟಕ್ಕ ಗುಳಿಗಿ, ಹೊಟ್ಟಿಗಿ ಏನರ ಹಾಕಿ ಆಮ್ಯಾಗ. ಎರಡ್ ತಾಸಿಗೊಮ್ಮಿ ಮಗ್ಗಲಾ ಬದಲಿಸು, ಎರಡೂ ಕಾಲಿನ ನಡುವ ದಿಂಬ ಇರ್ಬೇಕು. ನೀರ ಕುಡಿಯಾಕ ಒಲ್ಲೆ ಅಂತಾಳ, ಕೇಳಬ್ಯಾಡ, ಕುಡಸು. ಬೆಡ್‌ಪ್ಯಾನ್ ನಾ ಇಡ್ತೀನಿ ಅಂತ ಮೊದಲ ಹೇಳಿಬಿಡು, ಆಗ ಕುಡೀತಾಳ. ಮಂಚದ ಕೆಳಗ ಚಾಪಿ ಐತಿ. ಯಾದಗಿರಿ ಆಯಿ ಇನ್ನೂ ಅಲ್ಲೇ ಅದಾಳ, ಏನ್ ತಿಳೀಲಿಲ್ಲಂದ್ರ ಆಕೀನ್ನ ಕೇಳು."

"ರೌಂಡಿಗಿ ಬಂದಾಗ ಹೊರಗ ಕಳಸ್ತಾರಂತಲ್ಲಕ್ಕಾ?"

"ಕಳಸ್ತಾರ. ಗೇಟಿನ ಹತ್ರನ ನಿಲ್ಲು. ನಮ್ಮವ್ವಗ ಕನ್ನಡ ಬಿಟ್ಟು ಬ್ಯಾರೆ ಬರೂದಿಲ್ಲ, ನಾ ಪಕ್ಕಕ್ಕ ನಿಂತು ಹೇಳ್ತೀನಿ ಅಂತ ಗಟ್ಟಿಯಾಗಿ ಅನ್ನು. ಆ ಸಣ್ಣ ಡಾಕ್ಟರಬಾಯಿ ಇದ್ಲಂದ್ರ ಒಳಗ ಕರಕೊಂಡ ಹೋಗ್ತಾಳ. ಇಲ್ದಿದ್ರೂ ಕೇಳೂದ್ ಬಿಡಬ್ಯಾಡ."